ಅಗ್ಲಾಯಕ್ಕನ ಕೈ ಮೈಲಿಗೆಯಂತೆ

ಶನಿವಾರ. ಇನ್ನೂ ಬೆಳಕು ಹರಿದಿಲ್ಲ. ಅಗ್ಲಾಯಕ್ಕ ತಲೆಗೆ ಬಿಳಿ ಬಟ್ಟೆ ಬಿಗಿದು, ತೋಳು ಮಡಿಸಿ, ಮರದ ಮರಿಗೆಯಲ್ಲಿ ಹಿಟ್ಟು ನಾದುತ್ತಿದ್ದಾರೆ. ಮಾತಿಲ್ಲ. ತುಟಿ ಮಾತ್ರ ಪ್ರಾರ್ಥನೆಗೆ ಆಡುತ್ತಿದೆ. ನಾಳೆ ಚರ್ಚಿನ ಬಲಿಪೀಠದ ಮೇಲೆ ಕ್ರಿಸ್ತನ ದೇಹವಾಗುವ ರೊಟ್ಟಿ ಇದು. ಗೋಧಿ, ನೀರು, ಉಪ್ಪು, ಹುಳಿಹಿಟ್ಟು. ಬೇರೇನೂ ಸೇರುವಂತಿಲ್ಲ.

ಉಂಡೆಗಳು ಉಬ್ಬಿದ ಮೇಲೆ ಒಂದೊಂದರ ನೆತ್ತಿಗೂ ಮರದ ಅಚ್ಚು ಒತ್ತುತ್ತಾರೆ. ನಡುವೆ ಶಿಲುಬೆ, ಸುತ್ತ ಕ್ರಿಸ್ತನ ಹೆಸರಿನ ಅಕ್ಷರಗಳು. ಒಲೆಯೊಳಗೆ ಗಾಳಿ ತುಂಬಿ ಶಿಲುಬೆ ಸೀಳದಿರಲೆಂದು ಅಂಚಿನಲ್ಲಿ ಸೂಜಿಯಿಂದ ಚುಚ್ಚುತ್ತಾರೆ. ಆದರೂ ಒಂದೆರಡು ಸೀಳುತ್ತವೆ. ಸೀಳಿದ್ದು ಪೀಠಕ್ಕೆ ಸಲ್ಲದು. ಅಗ್ಲಾಯಕ್ಕ ಅವನ್ನು ಬಟ್ಟೆಯಲ್ಲಿ ಸುತ್ತಿ, ಎದೆಗವಚಿಕೊಂಡು, ಸೇತುವೆ ದಾಟಿ ಹೊಳೆಯಾಚೆಗೆ ಹೊರಡುತ್ತಾರೆ.

ನಮ್ಮ ವಲ್ಯಾ ಕೊರ್ನು ಊರಿಗೆ ಸಿಟ್ಟು ಬಂದಿರುವುದು ಇದಕ್ಕೇ.

ಹೊಳೆಯಾಚೆ ಮಲಗಿರುವವನು ನೆಕುಲಾಯ್. ಮರ ಕೊಯ್ಯುವ ಕಾರ್ಖಾನೆಯಲ್ಲಿದ್ದವನು. ದಿಮ್ಮಿ ಸೊಂಟದ ಮೇಲೆ ಉರುಳಿದ ಮೇಲೆ ಎದ್ದಿಲ್ಲ. ಬೆನ್ನಿನಲ್ಲಿ ಹುಣ್ಣಾಗಿದೆ. ಆತನ ಹೆಸರೆತ್ತಿದರೆ ಊರು ಹೇಳುವುದು ಒಂದೇ ಮಾತು: ಚರ್ಚಿನ ಮಾಡಿನ ತಾಮ್ರದ ತಗಡು ಕಿತ್ತು ಮಾರಿ ಕುಡಿದವನು. ಅದು ನಿಜ. ಆ ವರ್ಷದ ಈಸ್ಟರ್ ಪೂಜೆಯಲ್ಲಿ ಬಲಿಪೀಠದ ಮೇಲೆ ಮಳೆ ಸೋರಿತ್ತು. ಆತ ಜೈಲಿಗೆ ಹೋಗಿ ಬಂದ. ಇಟಲಿಗೆ ದುಡಿಯಲು ಹೋದ ಹೆಂಡತಿ ತಿರುಗಿ ನೋಡಲಿಲ್ಲ.

"ಬಂದ್ಲಪ್ಪ ಪೊಲೀಸು" ಎನ್ನುತ್ತಾನೆ ನೆಕುಲಾಯ್ ಹಾಸಿಗೆಯಿಂದಲೇ, ಅಗ್ಲಾಯಕ್ಕ ಒಳಗೆ ಕಾಲಿಟ್ಟೊಡನೆ.

"ತಿರುಗೋ ಆ ಕಡೆ, ತಗಡು ಕಳ್ಳ."

"ನೀರು ಸುಡ್ತಿದೆ ಕಣೇ! ಕ್ರಿಸ್ಮಸ್ಸಿಗೆ ಹಂದಿ ಬೋಳಿಸ್ತಿದೀಯಾ?"

"ಹಂದಿ ಆಗಿದ್ರೆ ಒಂದು ತುಂಡು ಕೊಬ್ಬಾದ್ರೂ ಸಿಗ್ತಿತ್ತು. ನಿನ್ನಲ್ಲೇನಿದೆ, ಬರೀ ಮೂಳೆ."

ಹುಣ್ಣು ತೊಳೆದು, ಬಟ್ಟೆ ಬದಲಾಯಿಸಿ, ಕೊಳಕಾದದ್ದನ್ನು ಬಕೆಟ್ಟಿಗೆ ಹಾಕುತ್ತಾರೆ. ಆಮೇಲೆ ಸೀಳಿದ ರೊಟ್ಟಿಯನ್ನು ಚಹಾದಲ್ಲಿ ನೆನೆಸಿ ಚಮಚದಲ್ಲಿ ತಿನ್ನಿಸುತ್ತಾರೆ. ನೆಕುಲಾಯ್‌ಗೆ ಹಲ್ಲಿಲ್ಲ.

ಅಗ್ಲಾಯಕ್ಕ ಮೂವತ್ತು ದಾಟುವ ಮೊದಲೇ ಗಂಡನನ್ನು ಕಳೆದುಕೊಂಡವರು. ಪೂಜೆಯ ರೊಟ್ಟಿ ಸುಡುವುದು ನಮ್ಮಲ್ಲಿ ವಿಧವೆಯರ ಕೆಲಸ. ಮೊದಲು ಅದನ್ನು ಸುಡುತ್ತಿದ್ದ ಮುದುಕಿ ಕಣ್ಣು ಮಂಜಾದಾಗ ಅಚ್ಚನ್ನು ಇವರ ಕೈಗಿಟ್ಟಳು. ಹೊಟ್ಟೆಪಾಡಿಗೆ ಶಾಲೆಯ ನೆಲ ಒರೆಸುತ್ತಾರೆ. ನೆಕುಲಾಯ್ ಮನೆಗೆ ಯಾಕೆ ಹೋಗತೊಡಗಿದಿರಿ ಎಂದರೆ ವಿಚಿತ್ರವಾಗಿ ನೋಡುತ್ತಾರೆ.

"ಸೌದೆ ಆರಿಸೋಕೆ ಹೋಗಿದ್ದೆ. ಒಳಗೆ ನರಳೋದು ಕೇಳಿಸ್ತು. ಕೇಳಿಸಿದ ಮೇಲೆ ಕೇಳಿಸ್ಲಿಲ್ಲ ಅನ್ನೋಕಾಗತ್ತಾ?"

ಊರಿನಲ್ಲಿ ಸತ್ತವರ ಮೈ ತೊಳೆಯುವುದೂ ಇವರೇ. ಹೋದ ಫೆಬ್ರವರಿಯಲ್ಲಿ ನನ್ನ ಗಂಡನ ಮೈ ತೊಳೆದರು. ನೀರು ಹದವಾಗಿದೆಯೇ ಎಂದು ಮೊದಲು ಮೊಣಕೈ ಅದ್ದಿ ನೋಡಿದರು, ಕೂಸಿಗೆ ಎರೆಯುವವರ ಹಾಗೆ. ಆ ಶನಿವಾರ ಅದೇ ಕೈ ಹಿಟ್ಟು ನಾದಿತು. ಭಾನುವಾರ ಎಲ್ಲರೂ ಆ ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡು ತಿಂದರು. ಯಾರೂ ಮೈಲಿಗೆ ಎನ್ನಲಿಲ್ಲ. ಸತ್ತವನನ್ನು ಮುಟ್ಟಿದ ಕೈ ನಡೆಯುತ್ತದೆ. ಬದುಕಿರುವವನ ಹುಣ್ಣು ಮುಟ್ಟಿದ ಕೈ ನಡೆಯುವುದಿಲ್ಲ. ಇದು ಯಾವ ದೇವರ ಲೆಕ್ಕ ಎಂದು ನನಗೆ ತಿಳಿಯದು.

ಡಿಸೆಂಬರಿನಲ್ಲಿ ನಮ್ಮ ಚರ್ಚಿನ ಹಬ್ಬ, ಸಂತ ನಿಕೋಲಾಸರದ್ದು. ನೆಕುಲಾಯ್ ಎಂಬುದೂ ಅದೇ ಹೆಸರು. ಈ ಸಲ ಬಿಷಪ್ಪರು ಬರುತ್ತಾರೆ. ಹಾಗಾಗಿ ಭಾನುವಾರ ಪೂಜೆ ಮುಗಿದೊಡನೆ ಅಂಗಳದಲ್ಲೇ ಸಭೆ ಸೇರಿತು. ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನನ್ನು ಕಂಡೂ ಕಾಣದಂತೆ ದಾಟಿಹೋದ ಪೂಜಾರಿಯ ಕಥೆಯನ್ನು ಪಾದ್ರಿ ಇಲರಿಯನ್ ಬೈಬಲಿನಿಂದ ಓದಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಮೊದಲು ಮಾತೆತ್ತಿದ್ದು ಮಹಿಳಾ ಸಮಿತಿಯ ಮುಖ್ಯಸ್ಥೆ ಜೆನೊವೆವಾ.

"ನಿನ್ನ ಮೇಲೆ ನಮಗೇನೂ ಇಲ್ಲ ಅಗ್ಲಾಯಾ. ಆದ್ರೆ ಆ ಕಳ್ಳನ ಕೀವು ತೊಳೆದ ಕೈಲಿ ನಾದಿದ್ದನ್ನ ಬಿಷಪ್ಪರು ಬಾಯಿಗಿಡ್ಬೇಕಾ?"

"ಸೋಪು ಹಾಕಿ ತೊಳ್ಕೋತೀನಲ್ಲ, ಜೆನೊವೆವಾ."

"ಸೋಪಿನ ಮಾತಲ್ಲ ಇದು. ಅವನಿಗೆ ಪೂಜೆ ರೊಟ್ಟಿ ಬೇರೆ ತಿನ್ನಿಸ್ತೀಯಂತೆ."

"ಸೀಳಿದ್ದು ಮಾತ್ರ."

"ಸೀಳಿದ್ರೇನು? ಅಚ್ಚು ಬಿದ್ದಿಲ್ವಾ ಅದರ ಮೇಲೆ?"

"ಬಿದ್ದಿದೆ. ಅವನ ಮೇಲೂ ಬಿದ್ದಿದೆ, ಇದೇ ಚರ್ಚಲ್ಲಿ ದೀಕ್ಷಾಸ್ನಾನ ಕೊಟ್ಟ ದಿನ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಜೆನೊವೆವಾಳ ಮುಖ ಕೆಂಪಾಯಿತು. ಪಾದ್ರಿ ತಮ್ಮ ಬೂಟುಗಳನ್ನು ನೋಡಿಕೊಂಡರು. "ಹಬ್ಬ ಮುಗಿಯೋವರೆಗಾದ್ರೂ ಅವನ ಮನೆಗೆ ಹೋಗೋದು ಬಿಡಿ ಅಕ್ಕ. ಆಗಲ್ಲ ಅಂದ್ರೆ... ಅಚ್ಚು ಕೊಟ್ಬಿಡಿ. ಊರಲ್ಲಿ ಸುಮ್ನೆ ಜಗಳ ಬೇಡ."

ಹಬ್ಬ ಮುಗಿಯುವವರೆಗೆ! ಬೆನ್ನ ಹುಣ್ಣು ಬಿಷಪ್ಪರ ಬರವಿಗಾಗಿ ಕಾದು ಕೂರುತ್ತದೆಯೇ? ಅಲ್ಲಿಯವರೆಗೆ ನಾನು ತೊಳೆಯುತ್ತೇನೆ ಎಂದವರು ಸಮಿತಿಯಲ್ಲಿ ಒಬ್ಬರೂ ಇಲ್ಲ. ತಗಡು ಕದ್ದಿದ್ದಕ್ಕೆ ನ್ಯಾಯಾಲಯ ಕೊಟ್ಟ ಶಿಕ್ಷೆ ಯಾವಾಗಲೋ ಮುಗಿದಿದೆ. ಚರ್ಚು ಕೊಟ್ಟಿದ್ದು ಮಾತ್ರ ಮುಗಿದಿಲ್ಲ.

ಅಗ್ಲಾಯಕ್ಕ ಮುಂದೆ ಬಂದರು. ಏಪ್ರನ್ ಜೇಬಿನಿಂದ ಅಚ್ಚು ತೆಗೆದು, ಅಂಗೈಯಲ್ಲಿ ಒರೆಸಿ, ಮುತ್ತಿಟ್ಟು, ಜೆನೊವೆವಾಳ ಕೈಗಿತ್ತರು.

"ಒತ್ತೋಕೆ ಮುಂಚೆ ಒಣ ಹಿಟ್ಟು ಸವರ್ಕೋ, ಇಲ್ಲಾಂದ್ರೆ ಅಂಟ್ಕೊಳ್ಳತ್ತೆ. ನಾನು ಬರ್ತೀನಿ. ಒಲೆ ಮೇಲೆ ನೀರಿಟ್ಟು ಬಂದಿದೀನಿ."

ಸೇತುವೆಯ ಕಡೆಗೆ ಹೋದರು. ತಿರುಗಿ ನೋಡಲಿಲ್ಲ.

ಮತ್ತೆ ಶನಿವಾರ ಬಂದಿದೆ. ಜೆನೊವೆವಾಳ ಮನೆಯ ಚಿಮಣಿಯಲ್ಲಿ ಹೊಗೆ ಏಳುತ್ತಿದೆ. ಅಗ್ಲಾಯಕ್ಕ ಎಂದಿನ ಹೊತ್ತಿಗೇ ಎದ್ದಿದ್ದಾರೆ. ಹೊಳೆಯಾಚೆ ಬೆಚ್ಚನೆ ನೀರಿನಲ್ಲಿ ಬಟ್ಟೆ ಹಿಂಡುತ್ತಿದ್ದಾರೆ. ನಾನು ಬಕೆಟ್ ಹಿಡಿದು ನಿಂತಿದ್ದೇನೆ. ಅಂಗಳದಲ್ಲಿ ನಡೆದದ್ದನ್ನು ನೆಕುಲಾಯ್‌ಗೆ ಯಾರೂ ಹೇಳಿಲ್ಲ. ಇವರಂತೂ ಹೇಳುವವರಲ್ಲ.

"ಇವತ್ತು ಸೀಳಿದ್ದು ಒಂದೂ ಇಲ್ವೇನೇ?" ಎಂದು ಆತ ಕೇಳುತ್ತಾನೆ.

"ಇಲ್ಲ ಕಣೋ. ಎಲ್ಲಾ ಚೆನ್ನಾಗಿ ಬಂದ್ವು."

ಅಂಗಡಿಯಿಂದ ತಂದ ಬ್ರೆಡ್ಡನ್ನು ನೆನೆಸಿ ತಿನ್ನಿಸುತ್ತಾರೆ. ಆತ ಮುಖ ಸಿಂಡರಿಸಿದರೂ ನುಂಗುತ್ತಾನೆ.

ವಾಪಸ್ಸು ಬರುವಾಗ ಸೇತುವೆಯ ಮೇಲೆ ಕೇಳುತ್ತೇನೆ, ಅಚ್ಚು ಮತ್ತೆ ಬೇಕು ಅನ್ನಿಸುವುದಿಲ್ಲವೇ ಎಂದು. ಅಗ್ಲಾಯಕ್ಕ ತಮ್ಮ ಕೈಗಳನ್ನು ನೋಡಿಕೊಳ್ಳುತ್ತಾರೆ. ನೀರಿನಲ್ಲಿ ನೆನೆದು ಬೆರಳ ತುದಿಗಳು ಸುಕ್ಕಾಗಿವೆ.

"ಅನ್ಸತ್ತೆ. ಸುಳ್ಯಾಕೆ ಹೇಳ್ಲಿ, ಬೆಳಿಗ್ಗೆ ಎದ್ದಾಗ ಕೈ ಖಾಲಿ ಖಾಲಿ ಅನ್ಸತ್ತೆ." ಕೈಗಳನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾರೆ. "ಹಬ್ಬದ ದಿನ ಫಾದರ್ ಒಂದ್ಸಲ ಅವನ ಮನೆಗೆ ಬರ್ಲಿ. ಅವನ ಹೆಸರಿನ ಸಂತರ ಹಬ್ಬ ಅಲ್ವಾ? ಪೂಜೆ ಮುಗಿದ ಮೇಲೆ ಹಂಚೋ ರೊಟ್ಟಿ ಪ್ರಸಾದ ತರ್ಲಿ. ನಾನೂ ಒಯ್ದು ಕೊಡಬಹುದು, ಆದ್ರೆ ಅವನು ಬಾಗಿಲು ನೋಡ್ತಾ ಮಲಗೋದು ನನಗೋಸ್ಕರ ಅಲ್ಲ."

"ಜೆನೊವೆವಾ ಸುಟ್ಟ ರೊಟ್ಟಿ ಆದರೂ ಪರವಾಗಿಲ್ವಾ?"

"ಪರವಾಗಿಲ್ಲ. ನನ್ನದಕ್ಕಿಂತ ಸ್ವಲ್ಪ ಗಟ್ಟಿ ಇರತ್ತೆ" ಎನ್ನುತ್ತಾರೆ ಅಗ್ಲಾಯಕ್ಕ. "ನೆನೆಸಿ ಕೊಡ್ತೀನಿ, ಬಿಡು."