ಖಡಕವಾಸಲಾದಲ್ಲಿ ಮುಳುಗಿಸಿದ ಪಾತ್ರೆಗಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪುಣೆಯ ಕ್ಯಾಂಪಿನಲ್ಲಿದ್ದ ಒಂದು ಸಣ್ಣ ಪ್ರವಾಸ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೆ. ಹೊರದೇಶದಿಂದ ಬಂದವರ ಜೊತೆ ಬಸ್ಸಿನಲ್ಲಿ ಕೂತು ಊರು ತೋರಿಸುವುದು, ಅವರ ಇಂಗ್ಲಿಷನ್ನು ಇಲ್ಲಿಯವರಿಗೆ ಮರಾಠಿಯಲ್ಲಿ ಹೇಳುವುದು, ಇಲ್ಲಿಯವರ ಮರಾಠಿಯನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳುವುದು. ಎರಡೂ ನನ್ನ ಮಾತಲ್ಲ. ನನ್ನದು ಬಾಗಲಕೋಟೆ ಕಡೆಯ ಕನ್ನಡ, ಅದು ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಸಂಜೆಯಾಗುವ ಹೊತ್ತಿಗೆ ನಾಲಿಗೆ ಒಣಗಿ, ಯಾರು ಯಾವ ಭಾಷೆಯಲ್ಲಿ ಮಾತಾಡಿಸಿದರೂ ಸಾಕಪ್ಪಾ ಅನ್ನಿಸುತ್ತಿತ್ತು.

ಅದಕ್ಕೂ ಮೊದಲು ಬೆಳಗಿನ ಪಾಳಿ ಮನೆಯಲ್ಲಿ. ನಮ್ಮ ಅತ್ತೆಯವರದು ಕಟ್ಟಾ ಮಡಿ. ನಾನು ಸ್ನಾನ ಮಾಡಿ, ಯಾರೂ ಮುಟ್ಟದಂತೆ ಒಣಗಿಸಿದ ಸೀರೆ ಉಟ್ಟು ಮಾಡಿದ ಅಡುಗೆಯನ್ನಷ್ಟೇ ಅವರು ಉಣ್ಣುತ್ತಿದ್ದರು. ಅವರ ಪಾತ್ರೆ ಬೇರೆ, ನೀರಿನ ಕೊಡ ಬೇರೆ. ಎಲ್ಲ ಮುಗಿಸಿ, ಸೀರೆ ಬದಲಿಸಿ, ಓಡಿ ಬಸ್ ಹಿಡಿಯುವಷ್ಟರಲ್ಲಿ ಅರ್ಧ ದಿನದ ಕಸುವು ಹೋಗಿಬಿಟ್ಟಿರುತ್ತಿತ್ತು.

ದೀಪಾವಳಿ ಕಳೆದು ಚಳಿ ಬಿದ್ದಿದ್ದ ಹೊತ್ತಿನಲ್ಲಿ ಯಹೂದಿ ಹೆಂಗಸರ ಒಂದು ಗುಂಪು ಬಂತು. ಕೆನಡಾದ ಯಾವುದೋ ಊರಿನ ಮಹಿಳಾ ಮಂಡಳಿ. ಹೆಚ್ಚಿನವರು ಅರವತ್ತು ದಾಟಿದವರು. ಕೊಂಕಣ ತೀರದಲ್ಲಿ ನೂರಾರು ವರ್ಷಗಳಿಂದ ಇದ್ದು ಮರಾಠಿಯನ್ನೇ ಮನೆಮಾತು ಮಾಡಿಕೊಂಡ ಬೆನೆ ಇಸ್ರಾಯೇಲ್ ಯಹೂದಿಗಳನ್ನು ನೋಡಬೇಕು, ಅವರ ಪ್ರಾರ್ಥನಾ ಮಂದಿರಗಳನ್ನು ನೋಡಬೇಕು, ಅವರ ಊಟ ಉಣ್ಣಬೇಕು ಎಂದು ಬಂದಿದ್ದರು. ಮುಂಬಯಿ, ಅಲಿಬಾಗ ಮುಗಿಸಿ ಪುಣೆಗೆ ಬರುವಾಗಲೇ ಅವರ ಮುಖಗಳು ಬಾಡಿದ್ದವು. ಒಬ್ಬರಿಗೆ ಹೊಟ್ಟೆ ಸರಿಯಿಲ್ಲ, ಒಬ್ಬರಿಗೆ ಮೊಣಕಾಲು ನೋವು, ಇನ್ನೊಬ್ಬರು ಬಸ್ ಹೊರಟ ಕೂಡಲೇ ಕಿಟಕಿಗೆ ತಲೆ ಆನಿಸಿ ನಿದ್ದೆಹೋಗುತ್ತಿದ್ದರು.

ಗುಂಪಿನ ಮುಂದಾಳು ಎತ್ತರದ, ತೆಳ್ಳಗಿನ, ನಿವೃತ್ತ ಶಾಲಾ ಶಿಕ್ಷಕಿ. ತಲೆಗೆ ಯಾವಾಗಲೂ ನೀಲಿ ಬಟ್ಟೆ ಕಟ್ಟಿರುತ್ತಿದ್ದರು. ಅವರೂ ಅವರ ಮೂವರು ಗೆಳತಿಯರೂ ಧರ್ಮದ ಊಟದ ನೇಮವನ್ನು ಬಿಗಿಯಾಗಿ ಪಾಲಿಸುವವರು. ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ. ಎರಡೂ ಎಂದೂ ಕೂಡಬಾರದು. ಉಳಿದವರು ಬಾದಶಾಹಿ ಗತ್ತಿನಲ್ಲಿ ಮೊಳಕೆಕಾಳಿನ ಖಾರದ ಮಿಸಳ್ ತಿಂದು ಕಣ್ಣಲ್ಲಿ ನೀರು ಸುರಿಸಿದರು, ಅಮೃತತುಲ್ಯ ಎಂದು ಬೋರ್ಡು ಹಾಕಿದ ಅಂಗಡಿಯಲ್ಲಿ ನಿಂತು ಚಹಾ ಕುಡಿದರು, ಮಸ್ತಾನಿ ಎಂಬ ದಪ್ಪ ಹಾಲಿನ ಪಾನಕದ ಮೇಲಿನ ಐಸ್‌ಕ್ರೀಮನ್ನು ಚಮಚದಲ್ಲಿ ಕೆರೆದು ತಿಂದರು. ಉಡುಪಿ ಕಡೆಯವರ ಹೋಟೆಲಿನಲ್ಲಿ ಮಾಲೀಕರು ನನ್ನ ಕನ್ನಡ ಕೇಳಿ ಖುಷಿಯಾಗಿ, "ಇವರಿಗೆ ಖಾರ ಕಡಿಮೆ ಹಾಕ್ಸಿದ್ದೇನೆ ಮಾರಾಯ್ರೆ, ಆದ್ರೂ ಆ ನಾಲ್ಕು ಜನ ಯಾಕೆ ಸುಮ್ನೆ ಕೂತಿದ್ದಾರೆ?" ಎಂದು ಕೇಳಿದರು. ಆ ನಾಲ್ವರು ಬಾಳೆಹಣ್ಣು ಸುಲಿದು, ತಮ್ಮ ಊರಿಂದ ತಂದ ಬಿಸ್ಕತ್ತನ್ನು ಮುರಿದು ತಿನ್ನುತ್ತಿದ್ದರು.

ಮನೆಗೆ ಬಂದು ಅತ್ತೆಯವರಿಗೆ ಹೇಳಿದೆ. "ಮಾಂಸಾನೂ ತಿಂತಾರ, ಮ್ಯಾಲೆ ಮಡೀನೂ ಅದ ಅಂತೀಯಲ್ಲ, ಅದೆಂಥಾ ಮಡಿ?" ಎಂದು ಅವರು ಗೊಂದಲಕ್ಕೆ ಬಿದ್ದರು. ಸ್ವಲ್ಪ ಹೊತ್ತು ಜಪಸರ ತಿರುಗಿಸಿ, "ಹೋಟೆಲ್‌ನಾಗ ಉಣ್ಣಂಗಿಲ್ಲ ಅಂದ್ರ ಛಲೋ ಮಂದೀನ ಇರಬೇಕು ಬಿಡು," ಎಂದರು.

ಪುಣೆಯಲ್ಲಿ ಅವರಿಗೆ ದೊಡ್ಡ ಊಟ ಇಟ್ಟುಕೊಂಡಿದ್ದು ರಾಸ್ತಾ ಪೇಠೆಯ ಒಬ್ಬ ಬೆನೆ ಇಸ್ರಾಯೇಲ್ ಹೆಂಗಸಿನ ಮನೆಯಲ್ಲಿ. ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತರಾದವರು. ಓಣಿಯವರೆಲ್ಲ ಮೇಟ್ರನ್‌ಬಾಯಿ ಎಂದೇ ಕರೆಯುತ್ತಿದ್ದರು. ನನ್ನ ಮಗಳು ಹುಟ್ಟಿದಾಗ ವಾರ್ಡಿನಲ್ಲಿ ನನ್ನನ್ನು ಗದರಿಸಿ ಗದರಿಸಿ ಊಟ ಮಾಡಿಸಿದವರು ಅವರೇ. ಆವತ್ತಿನಿಂದ ಪರಿಚಯ. ಅವರು ಮರಾಠಿಯಲ್ಲಿ ಆಡಿದ್ದೆಲ್ಲ ನನ್ನ ತಲೆಯಲ್ಲಿ ನಮ್ಮ ಮನೆಮಾತಾಗಿಯೇ ಉಳಿದಿದೆ. ಹಾಗೆಯೇ ಬರೆಯುತ್ತಿದ್ದೇನೆ.

ಅಡುಗೆಗೆ ಅವರು ಎರಡು ಮೂರು ದಿನದಿಂದ ನಿಂತಿದ್ದರು. ತೆಂಗಿನಹಾಲಿನ ಮೀನು ಸಾರು, ಕೋಳಿ, ತೆಂಗಿನಕಾಯಿ ಅನ್ನ, ಮೊಳಕೆ ಬರಿಸಿದ ಅವರೆಯ ಪಲ್ಯ, ಗೋಧಿ ಹಾಲಿನ ಹಲ್ವಾ. ಜೊತೆಗೆ ಹರಕೆಗೆ ಮಾಡುವ ಮಲಿದಾ, ಅಂದರೆ ನೆನೆಸಿದ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ ಬೆರೆಸಿ ಮೇಲೆ ಹಣ್ಣು ಜೋಡಿಸಿದ ತಟ್ಟೆ. ಹಸಿರು ಸೀರೆ, ಕೊರಳಲ್ಲಿ ಕರಿಮಣಿ, ಕೈತುಂಬ ಬಳೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಬಂದವರು ಬಾಗಿಲ ಚೌಕಟ್ಟಿಗೆ ಬಡಿದಿದ್ದ ಪ್ರಾರ್ಥನೆಯ ಸುರುಳಿಯ ಡಬ್ಬಿಯನ್ನು ಬೆರಳಿಂದ ಮುಟ್ಟಿ ತುಟಿಗೊತ್ತಿಕೊಂಡರು. ಅದನ್ನು ನೋಡಿ ಮೇಟ್ರನ್‌ಬಾಯಿ, "ನೋಡು, ನಮ್ಮವರ ಇವರು," ಎಂದು ನನ್ನ ಕೈ ಹಿಂಡಿದರು.

ಎಲ್ಲರೂ ಕೂತ ಮೇಲೆ ಮುಂದಾಳು ಮೆಲ್ಲಗೆ ನನ್ನನ್ನು ಕರೆದು ಕೇಳಿದರು, "ಈ ಮನೆಯ ಪಾತ್ರೆಗಳ ಬಗ್ಗೆ ಏನಾದರೂ ಗೊತ್ತೇ? ಕೋಳಿ ಕೊಯ್ದವರು ಯಾರು?"

ಕೇಳದೆ ವಿಧಿಯಿರಲಿಲ್ಲ. ಕೋಳಿಯನ್ನು ತಮ್ಮ ಮಂದಿರದವರೇ ಧರ್ಮದ ಪ್ರಕಾರ ಕೊಯ್ದದ್ದು ಎಂದು ಮೇಟ್ರನ್‌ಬಾಯಿ ಹೇಳಿದರು. ಪಾತ್ರೆ ಬೇರೆ ಬೇರೆ ಉಂಟು ಎಂದರು. ನಾನು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಕೊಯ್ದವರಿಗೆ ಕಲಿಸಿದವರು ಯಾರು, ಪಾತ್ರೆಗಳನ್ನು ಯಾರು ನೋಡಿ ಒಪ್ಪಿದ್ದಾರೆ ಎಂದು ಮುಂದಾಳು ಇನ್ನೂ ಎರಡು ಪ್ರಶ್ನೆ ಕೇಳಿದರು, ಬಂದ ಉತ್ತರ ಸಾಲದೆ ತಮ್ಮವರ ಕಡೆ ನೋಡಿದರು. ಆ ಮೂವರೂ ತಲೆ ತಗ್ಗಿಸಿದರು.

"ತುಂಬಾ ಚೆನ್ನಾಗಿ ಕಾಣುತ್ತಿದೆ. ಆದರೆ ನಾವು ಊಟ ಮಾಡುವ ಹಾಗಿಲ್ಲ. ಅವರಿಗೆ ದಯವಿಟ್ಟು ನೋವಾಗದಂತೆ ಹೇಳಿ."

ನೋವಾಗದಂತೆ ಹೇಳುವ ಮರಾಠಿ ನನಗೆ ಗೊತ್ತಿರಲಿಲ್ಲ. ಇದ್ದದ್ದನ್ನು ಹೇಳಿದೆ. ಮೇಟ್ರನ್‌ಬಾಯಿ ಸೌಟು ಹಿಡಿದವರು ಹಾಗೇ ನಿಂತರು.

"ಅವರನ್ನ ಕೇಳು," ಎಂದರು. "ಸುತ್ತಲೂ ಬೇರೆಯವರ ನಡುವ ಇಷ್ಟು ವರ್ಷ ನಾವು ಶನಿವಾರ ದೇವರ ದಿನ ಅಂತ ಒಲಿ ಹಚ್ಚಲಿಲ್ಲ. ಯಾರೂ ಹೇಳಿಕೊಡಲಿಕ್ಕೆ ಬರದಿದ್ರೂ ಬಿಡಲಿಲ್ಲ. ನಮ್ಮ ಮನಿಯಾಗ ಉಣ್ಣಂಗಿಲ್ಲ ಅಂದ್ರ ಮತ್ತ್ಯಾರ ಮನಿಯಾಗ ಉಣ್ತಾರಂತ?"

ಇದನ್ನು ನಾನು ಒಂದಕ್ಷರ ಬಿಡದೆ ಹೇಳಿದೆ. ಉಳಿದ ಹೆಂಗಸರು ಬಡಿಸಿಕೊಂಡು, ಬೇಕಾದ್ದಕ್ಕಿಂತ ಹೆಚ್ಚು ಹೊಗಳಿ, ಹೆಚ್ಚು ತಿಂದರು. ಆ ನಾಲ್ವರು ಮಲಿದಾದ ಮೇಲಿದ್ದ ಸಿಪ್ಪೆ ಸುಲಿಯದ ಬಾಳೆಹಣ್ಣನ್ನು ತೆಗೆದುಕೊಂಡರು. ಮೇಟ್ರನ್‌ಬಾಯಿ ಮತ್ತೆ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಬಸ್ಸಿನಲ್ಲಿ ಮುಂದಾಳು ನನ್ನ ಪಕ್ಕ ಬಂದು ಕೂತರು. "ನನ್ನ ಮೇಲೆ ಕೋಪವೇ?" ಎಂದರು. ನನಗೆ ಕಾಲು ಸೇದುತ್ತಿದ್ದವು, ತಲೆ ಸಿಡಿಯುತ್ತಿತ್ತು. ಕಚೇರಿಯವರು ಕಲಿಸಿದ ನಯವಾದ ಮಾತು ಬಾಯಿಗೆ ಬರಲಿಲ್ಲ.

"ನಮ್ಮ ಅತ್ತೆಯೂ ಯಾರ ಮನೆಯಲ್ಲೂ ಊಟ ಮಾಡುವುದಿಲ್ಲ," ಎಂದೆ. "ಆದರೆ ಊಟದ ಹೊತ್ತಿಗೆ ಅವರು ಯಾರ ಮನೆಗೂ ಹೋಗುವುದಿಲ್ಲ."

ಅವರು ಕಿಟಕಿಯ ಹೊರಗೆ ನೋಡುತ್ತ ಕೂತುಬಿಟ್ಟರು. ನನಗೆ ಒಳಗೊಳಗೇ ಅಳುಕು. ಕಚೇರಿಗೆ ದೂರು ಹೋದರೆ ಹೋಗಲಿ, ಮನೆಯಲ್ಲಾದರೂ ಬಿದ್ದುಕೊಂಡಿರಬಹುದು ಎಂದೂ ಅನ್ನಿಸಿತು.

ಮರುದಿನ ಬೆಳಿಗ್ಗೆ ಲಾಡ್ಜಿನ ಬಾಗಿಲಲ್ಲಿ ಮುಂದಾಳು ನನಗಾಗಿ ಕಾಯುತ್ತಿದ್ದರು. ರಾತ್ರಿ ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ. "ಹೊಸ ಪಾತ್ರೆ ಎಲ್ಲಿ ಸಿಗುತ್ತವೆ?" ಎಂದು ಕೇಳಿದರು. "ಮತ್ತೆ, ಇಲ್ಲಿ ಹತ್ತಿರದಲ್ಲಿ ಕೆರೆ ಏನಾದರೂ ಇದೆಯೇ?"

ಹೊಸ ಪಾತ್ರೆಯನ್ನು ಕೆರೆಯಲ್ಲೋ ನದಿಯಲ್ಲೋ ಮುಳುಗಿಸಿ ತೆಗೆದರೆ ಅವರ ನೇಮಕ್ಕೆ ಒಗ್ಗುತ್ತದಂತೆ. ಮುಳಾ-ಮುಠಾ ನದಿಯ ನೀರನ್ನು ನೆನೆಸಿಕೊಂಡು ನಾನು ಖಡಕವಾಸಲಾ ಎಂದೆ. ಆ ದಿನ ಸಿಂಹಗಡಕ್ಕೆ ಹೋಗುವುದಿತ್ತು, ದಾರಿಯಲ್ಲೇ ಸಿಗುವ ಜಲಾಶಯ. ಆದರೆ ಮೊದಲು ಮೇಟ್ರನ್‌ಬಾಯಿಯನ್ನು ಕೇಳಬೇಕಲ್ಲ. ಹೊಸ ಪಾತ್ರೆಯಲ್ಲಿ ಇನ್ನೊಮ್ಮೆ ಅಡುಗೆಯಾದರೆ ನಿಮ್ಮ ಮನೆಯಲ್ಲೇ ಉಣ್ಣುತ್ತಾರಂತೆ ಎಂದು ಫೋನ್ ಮಾಡಿದೆ.

"ನಾ ಒಮ್ಮೆ ಮಾಡೀನಿ. ಮತ್ತ ಮಾಡಂಗಿಲ್ಲ," ಎಂದರು ಮೇಟ್ರನ್‌ಬಾಯಿ. "ಅವರಿಗೆ ಬೇಕಾದ್ರ ಅವರ ಬಂದು ಮಾಡ್ಲಿ. ನಾ ಕುರ್ಚಿ ಮ್ಯಾಲೆ ಕೂತು ಉಣ್ತೀನಿ. ಖಡಕವಾಸಲಾಕ್ಕ ಮಾತ್ರ ಬರ್ತೀನಿ. ಎಷ್ಟು ವರ್ಷಾತು, ಎಲ್ಲೂ ಹೋಗಿಲ್ಲ."

ಮುಂದಾಳಿಗೆ ಹೇಳಿದರೆ ಅವರು ಕೂಡಲೇ, "ನ್ಯಾಯವಾದ ಮಾತು," ಎಂದರು.

ರವಿವಾರ ಪೇಠೆಯ ಪಾತ್ರೆ ಅಂಗಡಿಗಳಲ್ಲಿ ಪಾತೇಲಿ, ಸೌಟು, ತಟ್ಟೆ, ಜರಡಿ, ತುರಿಮಣೆ ಕೊಂಡೆವು. ಸಿಂಹಗಡ ಹತ್ತುವ ಮಾತನ್ನು ಯಾರೂ ಎತ್ತಲಿಲ್ಲ. ಎಲ್ಲರ ಕಾಲೂ ಸೋತಿದ್ದವು. ಜಲಾಶಯದ ದಂಡೆಯಲ್ಲಿ ಬಸ್ ನಿಂತಾಗ ಗಾಳಿ ತಣ್ಣಗೆ ಬೀಸುತ್ತಿತ್ತು. ಸುಟ್ಟ ಗೋವಿನಜೋಳ, ಈರುಳ್ಳಿ ಭಜಿ ಮಾರುವವರು ಸಾಲಾಗಿ ಕೂತಿದ್ದರು. ಮುಂದಾಳು ಬೂಟು ಕಳಚಿ, ಲಂಗ ಎತ್ತಿ ಹಿಡಿದು ನೀರಿಗಿಳಿದರು. ಒಂದೊಂದೇ ಪಾತ್ರೆ ಮುಳುಗಿಸಿ, ಬಾಯಲ್ಲೇ ಏನೋ ಹೇಳಿ, ಹಿಂದಿದ್ದವರಿಗೆ ಕೊಟ್ಟರು. ಜೋಳ ಸುಡುತ್ತಿದ್ದ ಹೆಂಗಸು ಬೀಸಣಿಗೆ ಬಿಟ್ಟು ಎದ್ದು ಬಂದು, ಇದು ಯಾವ ಪೂಜೆ ಎಂದು ನನ್ನನ್ನು ಕೇಳಿದಳು.

"ಸೋವಳ್ಯಾಚಂ ಆಹೇ," ಎಂದೆ. ಮಡಿಯದು ಅಂತ.

ಅಷ್ಟೇ ಸಾಕಾಯಿತು ಅವಳಿಗೆ. "ಹಂಗೇನು," ಎಂದು ಹೋಗಿ ಮತ್ತೆ ಕೆಂಡಕ್ಕೆ ಗಾಳಿ ಹಾಕತೊಡಗಿದಳು.

ಅಷ್ಟರಲ್ಲಿ ಒಂದು ಮುಚ್ಚಳ ಕೈಜಾರಿ ನೀರಿನ ಮೇಲೆ ತೇಲುತ್ತ ಹೊರಟಿತು. ಮುಂದಾಳು ಅದರ ಹಿಂದೆ ಎರಡು ಹೆಜ್ಜೆ ಇಟ್ಟವರು ಜಾರಿ, ಸೊಂಟದ ತನಕ ನೀರಿನಲ್ಲಿ ಕುಸಿದು ಕೂತರು. ಎಲ್ಲರೂ ಗಾಬರಿಯಾದೆವು. ಮೇಟ್ರನ್‌ಬಾಯಿ ಚಪ್ಪಲಿ ಹಾಕಿಕೊಂಡೇ ನೀರಿಗೆ ಇಳಿದು, ವಾರ್ಡಿನಲ್ಲಿ ರೋಗಿಯನ್ನು ಎಬ್ಬಿಸುವ ಹಾಗೆ ಕಂಕುಳಿಗೆ ಕೈ ಕೊಟ್ಟು ಒಂದೇ ಸಲಕ್ಕೆ ಎತ್ತಿ ನಿಲ್ಲಿಸಿದರು. ನಾಡಿ ಹಿಡಿದು ನೋಡಿದರು. ಕಣ್ಣಿನ ಕೆಳಗಿನ ಚರ್ಮ ಎಳೆದು ನೋಡಿದರು.

"ಈಕಿ ಎಷ್ಟು ದಿನಾತು ಉಂಡು?" ಎಂದು ನನ್ನನ್ನು ಗದರಿಸಿದರು.

ಕೇಳಿದೆ. ಮುಂದಾಳು ನಕ್ಕುಬಿಟ್ಟರು. "ಮನೆ ಬಿಟ್ಟಾಗಿನಿಂದ ಬಿಸ್ಕತ್ತು, ಬಾಳೆಹಣ್ಣು," ಎಂದರು. "ತುಂಬಾ ಹಸಿವಾಗಿದೆ. ನಿನ್ನೆ ಆ ಅನ್ನದ ವಾಸನೆ ಬಂದಾಗ ಎದ್ದು ಓಡಿಹೋಗಬೇಕು ಅನ್ನಿಸಿತ್ತು."

ನಾನು ಅದನ್ನು ಮರಾಠಿಯಲ್ಲಿ ಹೇಳಿ ಮುಗಿಸುವ ಮೊದಲೇ ಮೇಟ್ರನ್‌ಬಾಯಿ ತಮ್ಮ ಶಾಲು ತೆಗೆದು ಅವರ ಹೆಗಲಿಗೆ ಹೊದಿಸಿದ್ದರು. ಸಿಪ್ಪೆ ಸಮೇತ ಸುಟ್ಟ ಒಂದು ಜೋಳದ ತೆನೆ ಆರಿಸಿ, ಸುಲಿದು, ಉಪ್ಪು ನಿಂಬೆ ಏನೂ ಹಚ್ಚದೆ ಕೈಗೆ ಕೊಟ್ಟರು. ಮುಂದಾಳು ಅದನ್ನು ಒಂದು ಕ್ಷಣ ನೋಡಿದರು. ಕೆಂಡದ ಮೇಲೆ ಬರೀ ತೆನೆ, ಪಾತ್ರೆಯ ಗೊಡವೆಯೇ ಇಲ್ಲ ಎಂದು ಲೆಕ್ಕ ಹಾಕಿರಬೇಕು. ತಿಂದರು. ಕಾಳೊಂದೂ ಬಿಡದೆ ತಿಂದರು.

ಮಧ್ಯಾಹ್ನ ಮೇಟ್ರನ್‌ಬಾಯಿ ಹೇಳಿದಂತೆಯೇ ಮಾಡಿದರು. ಅಡುಗೆಮನೆಯ ಬಾಗಿಲಿಗೆ ಕುರ್ಚಿ ಎಳೆದು ಕೂತರು. ಮುಂದಾಳು ಅವರ ಗ್ಯಾಸ್ ಒಲೆಯನ್ನು ತಿಕ್ಕಿ, ತಮ್ಮ ನೇಮಕ್ಕೆ ಒಗ್ಗುವಂತೆ ಉರಿ ಹೊತ್ತಿಸಿ ಕೆಂಪಗೆ ಕಾಯಿಸಿದರು. ಉಳಿದವರು ಚಾಪೆಯ ಮೇಲೆ ಸುತ್ತಲೂ ಕೂತು, ಹಿಂದಿನ ದಿನ ಮಿಕ್ಕಿದ್ದ ಮೊಳಕೆಯ ಅವರೆಕಾಳಿನ ಸಿಪ್ಪೆ ಹಿಸುಕಿ ತೆಗೆಯತೊಡಗಿದರು. ನಮ್ಮ ಹಿತಕಿದ ಅವರೆಯಂತೆಯೇ. ಮೊದಮೊದಲು ಕಾಳು ಬೆರಳಿಂದ ಚಿಮ್ಮಿ ಗೋಡೆಗೆ ಬಡಿಯುತ್ತಿದ್ದವು. ಮಾತು ನಿಧಾನಕ್ಕೆ ನಿಂತಿತು. ಯಾರಿಗೂ ಯಾರನ್ನೂ ಮೆಚ್ಚಿಸುವ ಉಮೇದಿ ಉಳಿದಿರಲಿಲ್ಲ. ಕಾಳು ಬೋಗುಣಿಗೆ ಬೀಳುವ ಸಣ್ಣ ಸದ್ದಷ್ಟೇ ಇತ್ತು.

ಕುರ್ಚಿಯಿಂದ ಹುಕುಂ ಬರುತ್ತಿತ್ತು. "ಎಣ್ಣಿ ಕಾಯಲಿಲ್ಲ ಇನ್ನಾ. ತಡಿ ಅನ್ನು." "ಆಕಿ ಉಪ್ಪು ಅಳದು ಹಾಕ್ತಾಳೇನು? ಕೈಲೆ ಹಾಕು ಅನ್ನು." ನಾನು ಎರಡೂ ಕಡೆ ಹೇಳಿ ಹೇಳಿ, ಕೊನೆಗೆ ಯಾರಿಗೆ ಯಾವ ಭಾಷೆ ಎಂಬುದೇ ತಪ್ಪಿ ಮುಂದಾಳಿಗೆ ಕನ್ನಡದಲ್ಲಿ, "ಸಾಕ್ರೀ, ಇಳಸ್ರಿ," ಎಂದುಬಿಟ್ಟೆ. ಅವರು ತಿರುಗಿ ನೋಡಿ ಪಾತೇಲಿ ಇಳಿಸಿದರು.

ಅನ್ನ ಸ್ವಲ್ಪ ತಳ ಹಿಡಿದಿತ್ತು. ಪಲ್ಯಕ್ಕೆ ಖಾರ ಸಾಲದು. ಮೇಟ್ರನ್‌ಬಾಯಿಗೆ ಮುಂದಾಳೇ ಮೊದಲು ಬಡಿಸಿ ಪಕ್ಕದಲ್ಲಿ ನಿಂತರು. ಅವರು ಒಂದು ತುತ್ತು ತಿಂದು, ನಿಧಾನಕ್ಕೆ ಅಗಿದು ನುಂಗಿದರು.

"ಪಲ್ಯ ಸಪ್ಪಗ ಅದ," ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ, "ಇದನ್ನ ಹೇಳಬ್ಯಾಡ. ಕೂತು ಉಣ್ಣು ಅಂತ ಹೇಳು ಆಕಿಗೆ," ಎಂದರು.

ಅವರಿಬ್ಬರೂ ಎದುರುಬದುರು ಕೂತು ಉಂಡರು. ಮುಂದಾಳು ಮೂರನೆಯ ಸಲ ಅನ್ನ ಹಾಕಿಸಿಕೊಂಡಾಗ ಮೇಟ್ರನ್‌ಬಾಯಿ ತಾವೇ ಸೌಟು ತೆಗೆದುಕೊಂಡರು. ಹಿಂದಿನ ದಿನದ ಮಾತಿಗೆ ಯಾರೂ ಕ್ಷಮೆ ಕೇಳಲಿಲ್ಲ, ಯಾರೂ ಕೊಡಲಿಲ್ಲ. ಹೊರಡುವಾಗ ಮುಂದಾಳು ಶಾಲು ಹಿಂದಿರುಗಿಸಲು ಹೋದರೆ, "ಅಲ್ಲಿ ಚಳಿ ಭಾಳ ಅಂತಲ್ಲ, ಒಯ್ಯಿ ಅನ್ನು," ಎಂದು ಒಳಗೆ ಹೋಗಿಬಿಟ್ಟರು.

ಆಮೇಲೂ ನಾನು ಕೆಲವು ವರ್ಷ ಬಸ್ ಹತ್ತಿದೆ, ಗುಂಪುಗಳನ್ನು ಸುತ್ತಾಡಿಸಿದೆ. ಅತ್ತೆಯವರು ತೀರಿಕೊಂಡರು. ಮೊಣಕಾಲು ಹಿಡಿದುಕೊಂಡ ಮೇಲೆ ಕೆಲಸ ಬಿಟ್ಟೆ. ರಾಸ್ತಾ ಪೇಠೆಯ ಆ ಹಳೆಯ ಕಟ್ಟಡ ಬಿಲ್ಡರನ ಪಾಲಾಯಿತು, ಮೇಟ್ರನ್‌ಬಾಯಿ ತಂಗಿಯ ಮಗಳ ಜೊತೆ ಪುಣೆಯ ಅಂಚಿನ ವಾಕಡಕ್ಕೆ ಹೋದರು. ಒಂದು ಮಧ್ಯಾಹ್ನ ಎರಡು ಬಸ್ ಬದಲಿಸಿ ಅವರನ್ನು ನೋಡಲು ಹೋಗಿದ್ದೆ. ಎಂಟನೆಯ ಮಹಡಿ. ಲಿಫ್ಟ್ ಇದ್ದರೂ ಅವರು ಕೆಳಗೆ ಇಳಿಯುವುದಿಲ್ಲವಂತೆ. "ಇಳದು ಎಲ್ಲಿಗೆ ಹೋಗ್ಲಿ?" ಎಂದರು. ಚಹಾ ಮಾಡಲು ಎದ್ದವರನ್ನು ನಾನು ಕೂರಿಸಿದೆ, ನಾನು ಎದ್ದರೆ ಅವರು ಕೂರಿಸಿದರು. ಕೊನೆಗೆ ಚಹಾ ಆಗಲೇ ಇಲ್ಲ. ಸ್ವಲ್ಪ ಹೊತ್ತು ಆಸ್ಪತ್ರೆಯ ಮಾತು, ನನ್ನ ಮಗಳ ಮಾತು. ಆಮೇಲೆ ಅವರು ಸೋಫಾದ ಆ ತುದಿಗೆ, ನಾನು ಈ ತುದಿಗೆ ಒರಗಿದೆವು. ಕೆಳಗೆ ಎಲ್ಲೋ ಕಾಂಕ್ರೀಟ್ ಕಲಸುವ ಯಂತ್ರ ಸುತ್ತುತ್ತಿತ್ತು. ಇಬ್ಬರಿಗೂ ಜೊಂಪು ಹತ್ತಿತು.