ಬಿಗಿಯಾದ ಕಾಲರ್

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮಿದುಳಿನ ಗೆಡ್ಡೆಗೆ ವಿಕಿರಣ ಕೊಡುವ ಯಂತ್ರ ನಡೆಸುತ್ತಿದ್ದವಳನ್ನು ರೋಗಿಗಳೆಲ್ಲ ಅಚ್ಚಿನಕ್ಕ ಎಂದೇ ಕರೆಯುತ್ತಿದ್ದರು. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಎಳೆದು ಅಚ್ಚು ತೆಗೆಯುವುದು ಅವಳ ಕೆಲಸ. ದಿನವೂ ಆ ಅಚ್ಚು ತೊಡಿಸಿ ಮೇಜಿಗೆ ಬಿಗಿದರೇನೇ ತಲೆ ಕದಲದೆ, ಕಿರಣ ಗುರಿ ತಪ್ಪದೆ ಬೀಳುವುದು. ಉಸಿರು ಕಟ್ಟುತ್ತದೆಂದು ಹೆದರಿದವರನ್ನು ಅವಳು ನಗಿಸಿಯೇ ಮಲಗಿಸುತ್ತಿದ್ದಳು. ಬಾಯಿ ಜೋರು, ಕೈ ಮಾತ್ರ ಹೂವಿನಷ್ಟು ಹಗುರ.

ಸೋಂಕಿನ ಕಾಲ ಬಂದು ಎಲ್ಲ ತಲೆಕೆಳಗಾಯಿತು. ಜೊತೆಯ ಕೆಲಸದವರು ಒಬ್ಬೊಬ್ಬರಾಗಿ ಹಾಸಿಗೆ ಹಿಡಿದರು. ರೋಗಿಯ ಮನೆಯವರನ್ನು ಗೇಟಿನಿಂದ ಒಳಗೆ ಬಿಡುವಂತಿರಲಿಲ್ಲ. ಅಡಿಯಿಂದ ಮುಡಿಯವರೆಗೆ ಮುಚ್ಚಿದ ದಿರಿಸಿನೊಳಗೆ ಬೆವರಿನಲ್ಲಿ ಮೀಯುತ್ತ, ಒಬ್ಬರನ್ನು ಎಬ್ಬಿಸಿ, ಮೇಜು ಒರೆಸಿ, ಇನ್ನೊಬ್ಬರನ್ನು ಮಲಗಿಸುವಷ್ಟರಲ್ಲಿ ಅವಳಿಗೆ ನೀರು ಕುಡಿಯಲೂ ಪುರುಸೊತ್ತಿರಲಿಲ್ಲ.

ಆಗ ಬಂದವನು ಒಬ್ಬ ದರ್ಜಿ. ಗೆಡ್ಡೆ ಅವನ ಮಾತಿನ ಬುಡಕ್ಕೇ ಕೈ ಹಾಕಿತ್ತು. ನೀರು ಬೇಕಾದರೆ ಸೂಜಿ ಎನ್ನುತ್ತಿದ್ದ, ಚಳಿಯಾದರೆ ಕತ್ತರಿ. ಹೆಂಡತಿಗೆ ಮಾತ್ರ ಅದೆಲ್ಲ ಅರ್ಥವಾಗುತ್ತಿತ್ತು. ಅವಳೋ ಗೇಟಿನ ಹೊರಗೆ ಕಂಬಿ ಹಿಡಿದು ನಿಂತಿರುತ್ತಿದ್ದಳು. ಮೊದಲ ವಾರ ಸಲೀಸಾಗಿ ಕಳೆಯಿತು. ಆಮೇಲೆ ಅಚ್ಚು ತೊಡಿಸುವಾಗಲೆಲ್ಲ ಅವನು, "ಕಾಲರ್ ಬಿಗಿ, ಕಾಲರ್ ಬಿಗಿ" ಎನ್ನತೊಡಗಿದ. ಅವನ ಮೈಮೇಲಿದ್ದದ್ದು ಕಾಲರೇ ಇಲ್ಲದ ಆಸ್ಪತ್ರೆಯ ಅಂಗಿ.

"ಹೊಲಿಯೋರು ನೀವು, ನನ್ನನ್ನ ಕೇಳಿದ್ರೆ ಹೇಗೆ?" ಎಂದು ನಕ್ಕು ಅಚ್ಚಿನಕ್ಕ ಕೊಂಡಿ ಬಿಗಿದಳು. ಅವನೂ ಅರ್ಧ ನಕ್ಕ. ಮರುದಿನವೂ ಅದೇ ಮಾತು, ಅದೇ ತಮಾಷೆ.

ಮಿದುಳಿನ ಊತ ಇಳಿಯಲೆಂದು ಕೊಟ್ಟ ಮಾತ್ರೆಯಿಂದ ಅವನ ಮುಖ ದಪ್ಪಗಾಗಿತ್ತು. ಹಾಗಾದಾಗ ಹೊಸ ಅಚ್ಚು ತೆಗೆಯಬೇಕೆಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಕನ್ನಡಕದ ಮೇಲೆ ಆವಿ ಕವಿದಿತ್ತು, ಹೊರಗೆ ಸಾಲು ಕಾಯುತ್ತಿತ್ತು; ನಾಳೆ ನೋಡಿದರಾಯಿತು ಎಂದುಕೊಂಡಳು. ಕೊನೆಗೊಂದು ದಿನ ಜಾಲರಿ ಬಿಚ್ಚಿದರೆ ಕಿವಿಯ ಹಿಂದೆ ಚರ್ಮ ಸುಲಿದು ಕೀವು ಕಟ್ಟಿತ್ತು. ಜ್ವರವೂ ಏರಿತು. ಗಾಯ ಮಾಯುವವರೆಗೆ ಚಿಕಿತ್ಸೆ ನಿಂತಿತು, ಅಷ್ಟರಲ್ಲಿ ಗೆಡ್ಡೆ ಇನ್ನಷ್ಟು ಬೆಳೆಯಿತು. ಮತ್ತೆ ಬಂದಾಗ ದರ್ಜಿಯ ಬಾಯಲ್ಲಿ ತಪ್ಪು ಮಾತೂ ಉಳಿದಿರಲಿಲ್ಲ.

ಗೆಡ್ಡೆ ಹೇಗೂ ಬೆಳೆಯುವಂಥದ್ದೇ, ನಿನ್ನಿಂದಾದದ್ದಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು. ಅಚ್ಚಿನಕ್ಕ ಅದನ್ನು ಒಪ್ಪಲಿಲ್ಲ. ಗೇಟಿಗೆ ಹೋಗಿ, ಕಂಬಿಯಾಚೆ ನಿಂತಿದ್ದ ಹೆಂಡತಿಗೆ ನಡೆದದ್ದನ್ನೆಲ್ಲ, ತನ್ನ ತಮಾಷೆಯನ್ನೂ ಬಿಡದೆ, ಹೇಳಿದಳು.

ಹೆಂಡತಿ ಕಂಬಿಗೆ ಇನ್ನಷ್ಟು ಹತ್ತಿರ ಬಂದಳು. "ಮೈಗೆ ಎಲ್ಲಿ ಏನು ಒತ್ತಿದ್ರೂ ಅವರು ಕಾಲರ್ ಬಿಗಿ ಅಂತಲೇ ಅಂತಿದ್ರು. ನಾನು ಇಲ್ಲೇ ಇದ್ನಲ್ಲ. ಒಂದು ಮಾತು ಕೇಳಿದ್ದಿದ್ರೆ ಹೇಳ್ತಿದ್ದೆ" ಎಂದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅಚ್ಚಿನಕ್ಕನಿಗೆ ಅನ್ನಿಸಿತು.

ಮೇಲಿನವರೊಡನೆ ಜಗಳವಾಡಿ, ಹೆಂಡತಿಗೂ ಒಂದು ದಿರಿಸು ತೊಡಿಸಿ ಒಳಗೆ ಕರೆತಂದಳು. ಹೊಸ ಅಚ್ಚು ತೆಗೆಯುವಷ್ಟು ಹೊತ್ತೂ ಆಕೆ ಗಂಡನ ಕೈ ಹಿಡಿದೇ ಇದ್ದಳು. ಚಿಕಿತ್ಸೆ ಮುಗಿಯಿತು, ಮಾತು ಮರಳಲಿಲ್ಲ. ಮುಂದಿನ ಬೇಸಿಗೆಯನ್ನು ಅವನು ಕಾಣಲಿಲ್ಲ.

ಬಹಳ ದಿನಗಳ ಮೇಲೆ ದರ್ಜಿಯ ಹೆಂಡತಿ ಬಸ್ಸಿನಲ್ಲಿ ಸಿಕ್ಕಳು. ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟು, ಮನೆಮಂದಿಯೆಲ್ಲ ಚೆನ್ನಾಗಿದ್ದಾರಾ ಎಂದು ವಿಚಾರಿಸಿದಳು. ಅಚ್ಚಿನಕ್ಕ ಹೂಂ ಎಂದಳು. ತನ್ನ ನಿಲ್ದಾಣ ಇನ್ನೂ ದೂರವಿದ್ದರೂ ಮುಂದಿನದರಲ್ಲೇ ಇಳಿದುಬಿಟ್ಟಳು.