ಊರಮ್ಮನ ಪೆಟ್ಟಿಗೆಯಲ್ಲಿ ಚೈತ್ರಳ ಮಾರ್ಕ್ಸ್ ಕಾರ್ಡು

ಹೋದ ಜ್ಯೇಷ್ಠ ಮಾಸದ ಒಂದು ಬುಧವಾರ ಮಧ್ಯಾಹ್ನ ನನ್ನ ವಿದ್ಯಾರ್ಥಿನಿ ಚೈತ್ರಳಿಗೆ ಫೋನು ಬಂತು. ಮೈಸೂರಿನ ಹೊರಗಿನ ಒಂದು ಹಾಲು ಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಮಾರನೆಯ ದಿನ ಸಂಜೆ ನಾಲ್ಕರೊಳಗೆ ಅಸಲಿ ಮಾರ್ಕ್ಸ್ ಕಾರ್ಡು ತಂದು ತೋರಿಸಬೇಕು, ಕಂಪ್ಯೂಟರಿನ ಪ್ರತಿ ನಡೆಯುವುದಿಲ್ಲ, ಬರದಿದ್ದರೆ ಪಟ್ಟಿಯಲ್ಲಿರುವ ಮುಂದಿನವರನ್ನು ಕರೆಯುತ್ತೇವೆ ಎಂದರಂತೆ. ಹುಡುಗಿ ಸಿಹಿ ಹಿಡಿದುಕೊಂಡು ಬರುತ್ತಾಳೆ ಅಂದುಕೊಂಡಿದ್ದೆ. ಅಳುತ್ತಾ ಬಂದಳು.

"ಮಾರ್ಕ್ಸ್ ಕಾರ್ಡು ಎಲ್ಲಿದೆ?" ಅಂದೆ.

"ಅಪ್ಪ ಊರಮ್ಮನ ಪೆಟ್ಟಿಗೇಲಿ ಮಡಗಿದಾರಂತೆ ಮೇಡಂ. ಮಂಗಳವಾರ ಬಿಟ್ಟು ತೆಗೆಯೋ ಹಾಗಿಲ್ಲ."

ಈ ಭಕ್ತಿ ಪತ್ರಿಕೆಯ ಸಂಚಿಕೆಗಳಲ್ಲಿ ಬರೆಯುವ ಭಕ್ತರೆಲ್ಲ ಕಷ್ಟ ಬಂದಾಗ ದೇವರ ಮುಂದೆ ಕೈಮುಗಿದು ಬೇಡಿಕೊಂಡೆ ಅಂತ ಬರೆಯುತ್ತಾರೆ. ನಾನು ಸುಳ್ಳು ಬರೆಯುವುದಿಲ್ಲ. ನಾನು ದೇವರ ಮೇಲೆ ಜಗಳಕ್ಕೆ ಹೋದವಳು. ಆದರೂ ಅವನು ನನ್ನನ್ನು ಕೈಬಿಡಲಿಲ್ಲ, ಅದನ್ನು ನಿಮಗೆ ಹೇಳಬೇಕು ಅಂತಲೇ ಬರೆಯುತ್ತಿದ್ದೇನೆ.

ನಾನು ಶ್ರೀರಂಗಪಟ್ಟಣದವಳು. ನನ್ನ ತಾತ, ತಂದೆ ಇಬ್ಬರೂ ರಂಗನಾಥಸ್ವಾಮಿಯ ಸೇವೆಯಲ್ಲಿ ಇದ್ದವರು. ನಾನು ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಕಾಲೇಜಿನ ಹೆಸರು ಬರೆಯುವುದಿಲ್ಲ, ಬರೆದರೆ ನಾಳೆ ನನಗೆ ನೋಟಿಸು ಬರುತ್ತದೆ. ನಮ್ಮಲ್ಲಿಗೆ ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆಯಿಂದ ಮಕ್ಕಳು ಬರುತ್ತಾರೆ. ಮುಕ್ಕಾಲು ಪಾಲು ಮಕ್ಕಳ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಅವರೇ ಮೊದಲು. ಅವರಿಗಾಗಿ ಪ್ರತಿ ಶನಿವಾರ ಒಂದು ತರಗತಿ ನಡೆಸುತ್ತೇನೆ. ಅರ್ಜಿ ತುಂಬುವುದು, ಬ್ಯಾಂಕಿನಲ್ಲಿ ಮಾತಾಡುವುದು, ಸಂದರ್ಶನಕ್ಕೆ ಹೋಗುವುದು, ಇವೇ ಪಾಠ. ವರ್ಷಕ್ಕೊಮ್ಮೆ ಅಪ್ಪ ಅಮ್ಮಂದಿರನ್ನೂ ಕರೆದು ಕೂರಿಸಿಕೊಳ್ಳುತ್ತೇನೆ.

ಈ ಕೆಲಸಕ್ಕೆ ಇಳಿದ ಮೇಲೆ ನನ್ನ ಸಿಟ್ಟು ಇಳಿದ ದಿನವೇ ಇಲ್ಲ. ಒಂದು ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಂದೆಯ ಇಮೇಲ್ ಕಡ್ಡಾಯ ಅಂತ ಇತ್ತು. ದಿನವಿಡೀ ಹೊಲದಲ್ಲಿ ಬಗ್ಗಿ ಕೆಲಸ ಮಾಡುವ ಮನುಷ್ಯ ಇಮೇಲ್ ಎಲ್ಲಿಂದ ತರಬೇಕು? ಆ ಒಂದು ಖಾನೆ ತುಂಬಲಾಗದೆ ಒಬ್ಬಳು ಮಧ್ಯಾಹ್ನವಿಡೀ ಕಂಪ್ಯೂಟರಿನ ಮುಂದೆ ಕೂತು ಎದ್ದುಹೋದಳು. ಸಂದರ್ಶನಕ್ಕೆ ಕೂತವರು "ಮನೆಯಲ್ಲಿ ಇಂಗ್ಲಿಷ್ ಮಾತಾಡುವವರು ಯಾರು?" ಅಂತ ಕೇಳುತ್ತಾರೆ. ಯಾಕೆ, ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ಅಂತ ನೋಡುವುದಕ್ಕೆ ಇಂಗ್ಲಿಷ್ ಬೇಕೇ? ನನ್ನ ಸಹೋದ್ಯೋಗಿಯೊಬ್ಬರು ಚಹಾ ಕುಡಿಯುತ್ತಾ, "ಇವರನ್ನ ಉದ್ಧಾರ ಮಾಡೋಕೆ ಬ್ರಹ್ಮ ಬಂದರೂ ಆಗಲ್ಲ ಬಿಡಿ ಮೇಡಂ" ಎಂದರು. ನಾನು ಅವತ್ತಿನಿಂದ ಅವರ ಜೊತೆ ಚಹಾ ಕುಡಿದಿಲ್ಲ.

ಇಂಥ ಜನರ ಬಾಯಿಗೆ ಮಕ್ಕಳು ಸಿಕ್ಕಿಕೊಳ್ಳಬಾರದು ಅಂತ ನಾನೊಂದು ಪಾಠ ಹೇಳಿಕೊಟ್ಟಿದ್ದೆ. ಮನೆಯ ವಿಷಯ ಹೊರಗೆ ಹೇಳಬೇಡಿ. ಅಪ್ಪ ಕೂಲಿ ಅನ್ನಬೇಡಿ, ವ್ಯವಸಾಯ ಅನ್ನಿ. ಅಮ್ಮನಿಗೆ ಓದು ಬರಲ್ಲ ಅನ್ನಬೇಡಿ. ಊರು, ದೇವರು, ಹರಕೆ ಅಂತ ಬಾಯಿ ಬಿಟ್ಟರೆ ನಗುತ್ತಾರೆ. ತಡವಾದರೆ ಜ್ವರ ಅನ್ನಿ. ಇದು ಜಾಣತನ ಅಂತ ನಾನು ನಂಬಿದ್ದೆ. ಹಿಂದಿನ ವರ್ಷ ಕೆ.ಆರ್.ಪೇಟೆಯ ಒಬ್ಬ ಹುಡುಗಿ ಅಕ್ಕನ ಬಾಣಂತನಕ್ಕೆ ಹೋಗಿ ಕೆಲಸಕ್ಕೆ ಸೇರುವ ದಿನ ತಪ್ಪಿಸಿಕೊಂಡಳು. ಜ್ವರ ಅಂತ ನಾನೇ ಹೇಳಿಸಿದೆ. ಅವರು ಡಾಕ್ಟರ ಚೀಟಿ ಕೇಳಿದರು. ಚೀಟಿ ಇರಲಿಲ್ಲ, ಕೆಲಸ ಹೋಯಿತು. ಆಗಲೂ ನಾನು ಚೀಟಿ ಕೇಳಿದವರನ್ನೇ ಬೈದೆನೇ ಹೊರತು ನನ್ನ ಪಾಠವನ್ನು ತಿದ್ದಿಕೊಳ್ಳಲಿಲ್ಲ.

ಬುಧವಾರ ಸಂಜೆ ದೇವಸ್ಥಾನಕ್ಕೆ ಹೋದೆ. ಸ್ವಾಮಿ ಎಂದಿನಂತೆ ಆದಿಶೇಷನ ಮೇಲೆ ಮಲಗಿದ್ದ. "ಮಲಗಿದ್ದು ಸಾಕು" ಅಂದೆ ಮನಸ್ಸಿನಲ್ಲಿ. "ಮೂರು ವರ್ಷ ಆ ಹುಡುಗಿ ಬೆಳಗಿನ ಮೊದಲ ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದಾಳೆ. ನಾಲ್ಕು ಗಂಟೆ ನಿದ್ದೆ ಮಾಡಿ ಓದಿದ್ದಾಳೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದರೆ ನಿನಗೆ ತುಳಸಿ ತರುವುದಿಲ್ಲ, ಎದ್ದು ಏನಾದರೂ ಮಾಡು." ಅರ್ಚಕರು ತೀರ್ಥ ಕೊಟ್ಟರು. ಮುಖ ಸಿಂಡರಿಸಿಕೊಂಡೇ ತೆಗೆದುಕೊಂಡೆ.

ಚೈತ್ರ ರಾತ್ರಿ ನಮ್ಮ ಮನೆಯಲ್ಲೇ ಉಳಿದಳು, ಗುರುವಾರ ಬೆಳಿಗ್ಗೆ ಇಬ್ಬರೂ ಅವಳ ಊರಿಗೆ ಹೊರಟೆವು. ಪಾಂಡವಪುರದಲ್ಲಿ ಬಸ್ಸು ಬದಲಿಸಿ ನಾಗಮಂಗಲ, ಅಲ್ಲಿಂದ ಖಾಸಗಿ ಬಸ್ಸಿನಲ್ಲಿ ದೇವಲಾಪುರ, ಆಮೇಲೆ ಆಟೋ. ದಾರಿಯುದ್ದಕ್ಕೂ ನನಗೆ ಅವಳ ಅಪ್ಪನ ಮೇಲೆ ಕೋಪ. ಪದವಿಯ ಮಾರ್ಕ್ಸ್ ಕಾರ್ಡನ್ನು ದೇವರ ಪೆಟ್ಟಿಗೆಯಲ್ಲಿ ಇಡುವ ಮನುಷ್ಯನನ್ನು ಎಲ್ಲಾದರೂ ನೋಡಿದ್ದೀರಾ? ಇಳಿದ ತಕ್ಷಣ ಸರಿಯಾಗಿ ನಾಲ್ಕು ಮಾತು ಕೇಳಬೇಕು ಅಂತ ಮಾತುಗಳನ್ನು ಜೋಡಿಸಿಕೊಂಡು ಕೂತಿದ್ದೆ. ಚೈತ್ರ ಕಿಟಕಿಯಿಂದಾಚೆ ಉತ್ತ ಹೊಲಗಳನ್ನು ನೋಡುತ್ತಾ ಕೂತಿದ್ದಳು.

ಅವಳ ಅಪ್ಪ ಬೋರೇಗೌಡರು ಗುಡಿಯ ಅಂಗಳದಲ್ಲೇ ಕಾಯುತ್ತಿದ್ದರು. ಒಗೆದ ಬಿಳಿ ಅಂಗಿ ಹಾಕಿಕೊಂಡಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು:

"ನೀವೇ ಅಲ್ವೇ ಮೇಡಮ್ಮೋರೆ ಮೀಟಿಂಗಲ್ಲಿ ಏಳಿದ್ದು? ಅಸ್ಲಿ ಕಾಗ್ದ ಕಳೆದ್ರೆ ಮಗ ಕಳೆದಂಗೆ, ನಿಮ್ಮೂರಲ್ಲಿ ಎಲ್ಲಕ್ಕಿಂತ ಭದ್ರವಾಗಿರೋ ಜಾಗ್ದಲ್ಲಿ ಮಡಗಿ ಅಂತ. ನಮ್ಮನೇಲಿ ಇಲಿ ಕಾಟ, ಸೂರು ಸೋರ್ತದೆ. ಅಮ್ಮನ ಪೆಟ್ಗೆಗಿಂತ ಭದ್ರವಾದ್ದು ಈ ಊರಲ್ಲಿ ಇನ್ನೇನೈತೆ?"

ಹೇಳಿದ್ದೆ, ಅದೇ ಮಾತು. ಬ್ಯಾಂಕಿನ ಲಾಕರು ಕಂಡವಳು ನಾನು, ಬೀರು ಇರುವ ಮನೆಯಲ್ಲಿ ಹುಟ್ಟಿದವಳು. ಭದ್ರವಾದ ಜಾಗ ಅಂದರೆ ನಿಮ್ಮಲ್ಲಿ ಯಾವುದು ಅಂತ ಆ ತಂದೆಯನ್ನು ಒಂದು ದಿನವೂ ಕೇಳಿರಲಿಲ್ಲ.

ಕೋಪ ಇಳಿಸಿಕೊಳ್ಳುವುದಕ್ಕೆ ಬೇರೆ ಜನ ಇದ್ದರು ಅನ್ನಿ. ಊರ ಯಜಮಾನ ಪುಟ್ಟೇಗೌಡರು ಜಗುಲಿಯ ಮೇಲೆ ಕೂತಿದ್ದರು. ಪೆಟ್ಟಿಗೆಯ ಬೀಗದ ಕೈ ಅವರ ಸೊಂಟದಲ್ಲಿ.

"ವಾರ ಮುರಿದು ಪೆಟ್ಗೆ ತಗ್ಯಾಕಾಯ್ತದಾ?" ಅಂದರು. "ಅದೂ ಒಂದು ಎಣ್ಣುಡ್ಗಿ ಕೆಲ್ಸಕ್ಕೆ. ಸಂಪ್ರದಾಯ ಅಂತ ಒಂದೈತೆ ಕಣವ್ವಾ."

ಬೋರೇಗೌಡರು ತಲೆ ತಗ್ಗಿಸಿಕೊಂಡೇ, "ಓದ ವರ್ಸ ನಿಮ್ಮ ಟ್ರಾಕ್ಟರ್ ಪೂಜೆಗೆ ಅಮ್ಮನ ಬೆಳ್ಳಿ ಕಳಸ ಬೇಕು ಅಂತ ಭಾನುವಾರ ತಗುದ್ರಲ್ಲ ಗೌಡ್ರೆ" ಅಂದರು.

"ಅದು ಊ ಕೇಳಿ ತಗುದಿದ್ದು."

"ಹಾಗಾದರೆ ಈಗಲೂ ಹೂ ಕೇಳಿ" ಅಂದೆ ನಾನು. ದನಿ ಏರಿತ್ತು. ಟ್ರಾಕ್ಟರಿಗೆ ಬಗ್ಗುವ ಸಂಪ್ರದಾಯ ಹೆಣ್ಣು ಮಗುವಿಗೆ ಬಗ್ಗುವುದಿಲ್ಲ ಅಂದರೆ ನನ್ನ ಮೈ ಉರಿಯದೆ ಇರುತ್ತದೆಯೇ?

ನಮ್ಮ ಕಡೆಯವರಿಗೆ ಇದು ಗೊತ್ತು. ಹೂಗಳನ್ನು ನೀರಲ್ಲಿ ಅದ್ದಿ ದೇವರ ಎರಡೂ ಭುಜಕ್ಕೆ ಅಂಟಿಸಿ ಕೇಳುತ್ತಾರೆ. ಬಲಗಡೆಯ ಹೂ ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ. ಪೂಜಾರಿ ಅಮ್ಮನಿಗೆ ಹೂ ಏರಿಸಿದರು. ಎಲ್ಲರೂ ಕೂತೆವು. ಹತ್ತೂವರೆ ಆಯಿತು, ಹನ್ನೊಂದೂವರೆ ಆಯಿತು. ಎಡವೂ ಬೀಳಲಿಲ್ಲ, ಬಲವೂ ಬೀಳಲಿಲ್ಲ. ಮೈಸೂರಿಗೆ ನಾಲ್ಕರೊಳಗೆ ಸೇರಿಸುವ ಕೊನೆಯ ಬಸ್ಸು ಹನ್ನೆರಡೂಕಾಲಿಗೆ. ಅದು ಊರ ಮುಂದಿನ ರಸ್ತೆಯಲ್ಲಿ ಹಾರನ್ನು ಹೊಡೆದು ಹೋದದ್ದು ಗುಡಿಯೊಳಗೆ ಕೇಳಿಸಿತು. ಬೋರೇಗೌಡರು ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಒತ್ತಿಕೊಂಡರು.

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಅಲ್ಲಿ ರಂಗನಾಥ ಮಲಗಿದ್ದಾನೆ, ಇಲ್ಲಿ ಈ ಅಮ್ಮ ಬಾಯಿ ಬಿಡುತ್ತಿಲ್ಲ. ಅರ್ಜಿಯ ಖಾನೆಯ ಹಾಗೆ ನಿನಗೂ ಈ ಹುಡುಗಿಯ ಅಪ್ಪನ ಇಮೇಲ್ ಬೇಕೇನು ಅಂತ ಅಮ್ಮನನ್ನು ಕೇಳಿದೆ. ಜೋರಾಗಿಯೇ ಕೇಳಿದೆನೋ ಏನೋ, ಪೂಜಾರಿ ತಿರುಗಿ ನೋಡಿದರು.

ಕೊನೆಗೆ ಫೋನು ತೆಗೆದೆ. ಲ್ಯಾಬಿನ ಅಧಿಕಾರಿಯ ನಂಬರು ಒತ್ತಿ, "ಸಾರ್, ನಾನು ಚೈತ್ರಳ ಉಪನ್ಯಾಸಕಿ. ಹುಡುಗಿಗೆ ನಿನ್ನೆ ಸಂಜೆಯಿಂದ ಜ್ವರ" ಅಂತ ಶುರು ಮಾಡಿದ್ದೆ ಅಷ್ಟೇ. ಚೈತ್ರ ನನ್ನ ಕೈ ಹಿಡಿದುಕೊಂಡಳು.

"ಅಮ್ಮನ ಎದುರಿಗೆ ನಿಂತ್ಕೊಂಡು ಸುಳ್ಳು ಏಳ್ಬೇಡಿ ಮೇಡಂ. ಕೊಡಿ ಇಲ್ಲಿ."

ಮೂರು ವರ್ಷದಲ್ಲಿ ಅವಳು ನನ್ನ ಮಾತು ಮೀರಿದ್ದು ಅದೇ ಮೊದಲು. ಫೋನು ಕಿವಿಗೆ ಹಿಡಿದಳು. ನಾನು ಕಷ್ಟಪಟ್ಟು ತಿದ್ದಿದ ಸಂದರ್ಶನದ ಭಾಷೆಯೆಲ್ಲ ಅಲ್ಲೇ ಬಿಟ್ಟಳು.

"ಸಾರ್, ನಂಗೆ ಜ್ವರ ಇಲ್ಲ ಸಾರ್. ನಮ್ಮಪ್ಪ ಮಾರ್ಕ್ಸ್ ಕಾರ್ಡ್ನ ಊರಮ್ಮನ ಪೆಟ್ಗೇಲಿ ಮಡಗ್ಬುಟ್ಟವ್ರೆ. ಮಂಗಳವಾರ ಬುಟ್ಟು ತಗ್ಯಾಕಿಲ್ಲ. ಊ ಕೇಳುದ್ವಿ, ಅಮ್ಮ ಕೊಡ್ನಿಲ್ಲ. ನಮ್ಮಪ್ಪಂಗೆ ಓದಕ್ಕೆ ಬರಲ್ಲ ಸಾರ್, ಆದ್ರೆ ಆ ಕಾಗ್ದದ ಬೆಲೆ ಗೊತ್ತು. ಅದ್ಕೇ ಅಲ್ಲಿ ಮಡಗವ್ರೆ. ಮಂಗಳವಾರ ತಗೊಂಡು ಬುಧವಾರ ಬೆಳಿಗ್ಗೆ ಬತ್ತೀನಿ. ಆಯ್ತದೆ ಅಂದ್ರೆ ಏಳಿ, ಆಗಕಿಲ್ಲ ಅಂದ್ರೂ ಏಳಿ."

ಮುಗಿಯಿತು ಅಂದುಕೊಂಡೆ. ಚೈತ್ರ ಫೋನಿನ ದನಿ ಎಲ್ಲರಿಗೂ ಕೇಳುವ ಹಾಗೆ ಮಾಡಿ ಅಂಗೈಯಲ್ಲಿ ಹಿಡಿದು ನಿಂತಳು. ನಿನ್ನೆ ಅವಳ ಹತ್ತಿರ ಅರ್ಧ ಇಂಗ್ಲಿಷಿನಲ್ಲಿ ಮಾತಾಡಿದ್ದ ಆ ಮನುಷ್ಯ ಕೇಳಿದ್ದು ಇಷ್ಟು:

"ಯಾವೂರವ್ವಾ ನಿಂದು?"

ಹೇಳಿದಳು.

"ನಮ್ದು ಕೆ.ಆರ್.ಪೇಟೆ ಕಡೆ ಅಳ್ಳಿ. ನಮ್ಮವ್ವ ನನ್ನ ಮಾರ್ಕ್ಸ್ ಕಾರ್ಡ್ನ ರಾಗಿ ವಾಡೇಲಿ ಮಡಗಿದ್ಲು. ಕೆಲ್ಸಕ್ಕೆ ಸೇರೋ ದಿನ ಎರಡು ಮೂಟೆ ರಾಗಿ ಅಂಗಳಕ್ಕೆ ಸುರುದು ಉಡುಕಿದ್ದೀವಿ. ಕಳೆದೋಗಿತ್ತು ಅಂತ ಆಫೀಸ್ನಲ್ಲಿ ಸುಳ್ಳು ಏಳಿದ್ದೆ, ನಗ್ತಾರೆ ಅಂತ. ಬುಧವಾರ ಹತ್ತು ಗಂಟೆಗೆ ಬಾ. ಅಲ್ಲೀಗಂಟ ಬೇರೆಯವ್ರನ್ನ ಕರೆಯಲ್ಲ. ನಿಮ್ಮಪ್ಪನ್ನೂ ಕರ್ಕಂಡು ಬಾ."

ಅವತ್ತು ಹೂ ಬೀಳಲೇ ಇಲ್ಲ. ಪುಟ್ಟೇಗೌಡರು "ಅಮ್ಮ ಒಪ್ಲಿಲ್ಲ ನೋಡುದ್ರಾ" ಅಂತ ಟವೆಲು ಕೊಡವಿಕೊಂಡು ಎದ್ದು ಹೋದರು. ಬಲಗಡೆಯ ಹೂ ಹತ್ತೂವರೆಗೇ ಬಿದ್ದಿದ್ದರೆ ನಾವು ಕಾಗದ ಕಿತ್ತುಕೊಂಡು ಬಸ್ಸಿಗೆ ಓಡುತ್ತಿದ್ದೆವು. ಚೈತ್ರಳಿಗೆ ಕೆಲಸವೂ ಸಿಗುತ್ತಿತ್ತು. ನಾನು ಮಾತ್ರ ಇನ್ನೂ ಎಷ್ಟು ವರ್ಷ ಆ ಮಕ್ಕಳಿಗೆ ನಿಮ್ಮ ಅಪ್ಪ ಅಮ್ಮಂದಿರನ್ನು ಮುಚ್ಚಿಡಿ ಅಂತ ಪಾಠ ಹೇಳುತ್ತಾ ಇರುತ್ತಿದ್ದೆನೋ. ನಗುವವರಿಗೆ ಹೆದರಿ, ನಗುವವರ ಕೆಲಸವನ್ನು ನಾನೇ ಮಾಡುತ್ತಿದ್ದೆ. ಇಷ್ಟು ವರ್ಷ ಜಗತ್ತಿನ ಮೇಲೆಲ್ಲ ಕಾರಿದ ಕೋಪದಲ್ಲಿ ಒಂದು ಪಾಲು ನನಗೇ ಸೇರಬೇಕಾಗಿತ್ತು.

ಮಂಗಳವಾರ ನಾನೂ ರಜೆ ಹಾಕಿ ಹೋದೆ. ಪುಟ್ಟೇಗೌಡರು ಬೀಗ ತೆಗೆದರು. ಅಮ್ಮನ ಬೆಳ್ಳಿ ಕಣ್ಣು, ಕಳಸ, ಒಂದು ಹಳೇ ಸೀರೆ, ಅದರ ಕೆಳಗೆ ಪ್ಲಾಸ್ಟಿಕ್ ಕವರುಗಳು. ಒಂದಲ್ಲ, ನಾಲ್ಕಾರು. ನನ್ನ ಮೀಟಿಂಗಿಗೆ ಬಂದಿದ್ದ ಆ ಊರಿನ ಅಪ್ಪಂದಿರೆಲ್ಲ ನನ್ನ ಮಾತನ್ನು ನಡೆಸಿದ್ದರು. ಎಲ್ಲಕ್ಕಿಂತ ಕೆಳಗಿದ್ದ ಕವರನ್ನು ಪೂಜಾರಿ ಎತ್ತುವಷ್ಟರಲ್ಲಿ ಪುಟ್ಟೇಗೌಡರು ಕೈಚಾಚಿ ತೆಗೆದುಕೊಂಡರು. ರೇಷ್ಮೆ ವಸ್ತ್ರದಲ್ಲಿ ಸುತ್ತಿತ್ತು.

"ಅದು ಯಾರದು ಗೌಡರೆ?" ಅಂದೆ.

"ನಮ್ಮ ಮಗನ ಮಗಳ್ದು. ಪಾಂಡವಪುರದಲ್ಲಿ ಪಿಯುಸಿ ಓದ್ತಾವ್ಳೆ."

"ಹೆಣ್ಣು ಹುಡುಗಿಯದು."

ಅವರು ನನ್ನ ಮುಖ ನೋಡಲಿಲ್ಲ. ಕವರನ್ನು ಮತ್ತೆ ಸುತ್ತಿ, ಈ ಸಲ ಎಲ್ಲಕ್ಕಿಂತ ಮೇಲೆ ಇಟ್ಟರು. "ಅದುಕ್ಕೂ ಒಂದಿನ ಇಂಗೇ ಫೋನ್ ಬತ್ತದೆ ಅಲ್ವೇ ಮೇಡಮ್ಮೋರೆ?" ಅಂದರು. ಇನ್ನೂ ಎರಡು ಖಾರದ ಮಾತು ನಾಲಿಗೆಯ ಮೇಲಿತ್ತು. ನುಂಗಿಕೊಂಡೆ. "ಬರುತ್ತದೆ" ಅಂದೆ.

ಬುಧವಾರ ಹತ್ತಕ್ಕೆ ಚೈತ್ರ, ಬೋರೇಗೌಡರು, ನಾನು ಲ್ಯಾಬಿನಲ್ಲಿದ್ದೆವು. ಅಧಿಕಾರಿ ಎದ್ದು ನಿಂತು ಬೋರೇಗೌಡರಿಗೆ ಕುರ್ಚಿ ಎಳೆದು ಕೊಟ್ಟರು. ಮಾರ್ಕ್ಸ್ ಕಾರ್ಡಿನಿಂದ ಕರ್ಪೂರದ ವಾಸನೆ ಬರುತ್ತಿತ್ತು, ಮೂಲೆಗೆ ಅರಿಶಿನ ಅಂಟಿತ್ತು. ಚೈತ್ರ ದುಪಟ್ಟಾದ ಅಂಚಿನಿಂದ ಒರೆಸಲು ಹೋದಳು. "ಇರ್ಲಿ ಬುಡವ್ವಾ" ಅಂದರು ಅವರು. ಆ ಅರಿಶಿನದ ಪಕ್ಕದಲ್ಲೇ ಬೆರಳಿಟ್ಟು ಅಂಕಗಳನ್ನು ಓದಿ, ನೇಮಕದ ಕಾಗದಕ್ಕೆ ಸಹಿ ಹಾಕಿದರು. ಬೋರೇಗೌಡರು ಆ ಕಾಗದವನ್ನು ಕಣ್ಣಿಗೊತ್ತಿಕೊಂಡರು, ಆಮೇಲೆ ಸೀದಾ ಇದೆಯೋ ತಿರುಗಾ ಮುರುಗಾ ಹಿಡಿದಿದ್ದೇನೆಯೋ ಅಂತ ಮಗಳನ್ನು ಕೇಳಿದರು.

ನನ್ನ ಕೋಪ ಹೋಗಿಲ್ಲ, ಭಕ್ತರೆ. ಆ ಇಮೇಲ್ ಖಾನೆ ಇನ್ನೂ ಹಾಗೇ ಇದೆ. ಹೋಗಬೇಕಾದ ಕಡೆಗೆಲ್ಲ ಪತ್ರ ಬರೆಯುತ್ತಿದ್ದೇನೆ, ಉತ್ತರ ಬರುವವರೆಗೆ ಬರೆಯುತ್ತೇನೆ. ಆದರೆ ನನ್ನ ಶನಿವಾರದ ತರಗತಿಯಲ್ಲಿ ಜ್ವರದ ಪಾಠ ನಿಂತಿದೆ. ಈ ವರ್ಷದ ಮೀಟಿಂಗಿನಲ್ಲಿ ನಾನು ಏನೂ ಹೇಳಲಿಲ್ಲ, ಕೇಳಿದೆ. ಎಲ್ಲಿ ಇಡುತ್ತೀರಿ, ಯಾವ ವಾರ ತೆಗೆಯುತ್ತೀರಿ, ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ. ಒಬ್ಬೊಬ್ಬರೂ ಎದ್ದು ಹೇಳಿದರು. ಎಲ್ಲವನ್ನೂ ಬರೆದುಕೊಂಡೆ.

ಆ ಮೀಟಿಂಗು ಮುಗಿದ ಶನಿವಾರ ತುಳಸಿ ಹಿಡಿದುಕೊಂಡು ರಂಗನಾಥನ ಮುಂದೆ ನಿಂತೆ. ಏಳು ಅನ್ನಲಿಲ್ಲ. ನೀನು ಮಲಗಿರು ಸ್ವಾಮಿ, ಏಳಬೇಕಾಗಿದ್ದವಳು ನಾನು ಅಂದೆ. ಅರ್ಚಕರು ತೀರ್ಥ ಕೊಟ್ಟರು. ಈ ಸಲ ಎರಡೂ ಕೈ ಒಡ್ಡಿ ತೆಗೆದುಕೊಂಡೆ.